ಮುಖ ನೋಡಿ ಮಾರ್ಕ್ಸ್ ಹಾಕುವ ಮುಂಚೆ

ಪತ್ತಿನ ಸಹಕಾರಿ ಸಂಘದಲ್ಲಿ ಕ್ಯಾಶಿಯರ್ ಹುದ್ದೆಗೆ ಸಂದರ್ಶನ ನಡೆದಿದೆ ಅಂದುಕೊಳ್ಳಿ. ಇಸ್ತ್ರಿ ಹಾಕಿದ ಅಂಗಿ, ನೀಟಾಗಿ ತೀಡಿದ ಗಡ್ಡ, ನಗುಮುಖದ ಅಭ್ಯರ್ಥಿಯೊಬ್ಬ ನಮಸ್ಕಾರ ಹೇಳಿ ಹೊರಗೆ ಹೋಗುತ್ತಾನೆ. ಬಾಗಿಲು ಮುಚ್ಚುವ ಮೊದಲೇ ಒಬ್ಬ ನಿರ್ದೇಶಕರು "ಹುಡುಗ ಛಲೋ ಅದಾನ್ರಿ" ಅನ್ನುತ್ತಾರೆ. ಉಳಿದಿಬ್ಬರು "ಹೌದ್ರಿ" ಅನ್ನುತ್ತಾರೆ. ಬೆಳಗಾವಿಯ ಖಡೇಬಜಾರದ ಅಂಗಡಿಯಿಂದ ಹಿಡಿದು ವಿಜಯಪುರದ ಖಾಸಗಿ ಶಾಲೆಯವರೆಗೆ ಎಷ್ಟೋ ನೇಮಕಾತಿ ಇಷ್ಟಕ್ಕೇ ಮುಗಿದುಹೋಗುತ್ತವೆ. ನಿರ್ದೇಶಕರು ಕೊಟ್ಟದ್ದು ಒಂದು ತೀರ್ಪಲ್ಲ, ಮೂರು. ಹುಡುಗ ನೋಡಲು ಚೆನ್ನಾಗಿದ್ದಾನೆ. ಮಂದಿಯ ಜೊತೆ ಹೊಂದಿಕೊಂಡು ಹೋಗುತ್ತಾನೆ. ರೊಕ್ಕದ ವಿಷಯದಲ್ಲಿ ನಂಬಬಹುದು. ಮೊದಲನೆಯದು ಕಣ್ಣಿಗೆ ಕಂಡದ್ದು. ಎರಡನೆಯದಕ್ಕೆ ಚೂರುಪಾರು ಆಧಾರವಿರಬಹುದು. ಮೂರನೆಯದಕ್ಕೆ ಏನೇನೂ ಇಲ್ಲ. ಕ್ಯಾಶಿಯರ್ ಹುದ್ದೆಗೆ ಬೇಕಾದದ್ದೇ ಆ ಮೂರನೆಯದು.

ಈ ತಪ್ಪನ್ನು ಮನಃಶಾಸ್ತ್ರದವರು ನೂರು ವರ್ಷದಿಂದ ಬೆನ್ನುಹತ್ತಿದ್ದಾರೆ. 1920ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್, ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದ. ದೇಹದಾರ್ಢ್ಯ, ಬುದ್ಧಿ, ನಾಯಕತ್ವ, ಶೀಲ ಎಂದು ಬೇರೆ ಬೇರೆ ಕಲಂಗಳಿದ್ದರೂ ಅಂಕಗಳು ಒಂದಕ್ಕೊಂದು ಅಂಟಿಕೊಂಡಂತೆ ಒಟ್ಟಿಗೇ ಏರುತ್ತಿದ್ದವು, ಒಟ್ಟಿಗೇ ಇಳಿಯುತ್ತಿದ್ದವು. ಮೈಕಟ್ಟು ಚೆನ್ನಾಗಿದ್ದವನಿಗೆ ಬುದ್ಧಿಯ ಕಲಂನಲ್ಲೂ ಹೆಚ್ಚು ಬೀಳುತ್ತಿತ್ತು. ಒಂದು ಗುಣದ ಬೆಳಕು ಉಳಿದದ್ದಕ್ಕೆಲ್ಲ ಹರಡುವ ಇದಕ್ಕೆ ಹೇಲೋ (ಪ್ರಭಾವಳಿ) ಪರಿಣಾಮ ಎಂಬ ಹೆಸರು ಬಂತು. 1972ರಲ್ಲಿ ಕ್ಯಾರೆನ್ ಡಿಯಾನ್, ಎಲೆನ್ ಬರ್ಶೀಡ್, ಎಲೇನ್ ವಾಲ್‌ಸ್ಟರ್ ಎಂಬ ಮೂವರು ಮಿನೆಸೋಟಾ ವಿಶ್ವವಿದ್ಯಾಲಯದ 60 ವಿದ್ಯಾರ್ಥಿಗಳಿಗೆ ಮೂರು ಮೂರು ಫೋಟೋ ಕೊಟ್ಟರು: ಒಂದು ಚೆಲುವಾದ ಮುಖ, ಒಂದು ಸಾಧಾರಣ, ಒಂದು ಅಷ್ಟೇನೂ ಚೆಲುವಲ್ಲದ್ದು. ಫೋಟೋ ಬಿಟ್ಟರೆ ಬೇರೆ ಮಾಹಿತಿ ಇಲ್ಲ. 27 ಗುಣಗಳ ಮೇಲೆ ಅಂಕ ಹಾಕಿ ಎಂದಾಗ ಚೆಲುವಾದ ಮುಖಕ್ಕೆ ಒಳ್ಳೆಯ ಸ್ವಭಾವ, ಒಳ್ಳೆಯ ನೌಕರಿ, ಸುಖದ ಸಂಸಾರ ಎಲ್ಲವೂ ಸಿಕ್ಕವು. ಒಳ್ಳೆಯ ತಾಯಿ-ತಂದೆ ಆಗುತ್ತಾರೆಯೇ ಎಂಬ ಒಂದು ಕಡೆ ಮಾತ್ರ ಚೆಲುವಿಗೆ ಲಾಭವಾಗಲಿಲ್ಲ.

ಇಲ್ಲಿಗೇ ನಿಂತರೆ "ಚೆಂದ ಇದ್ದವರನ್ನು ಎಲ್ಲ ವಿಷಯದಲ್ಲೂ ಒಳ್ಳೆಯವರೆಂದು ನಂಬುತ್ತೇವೆ" ಅನ್ನಿಸುತ್ತದೆ. ಅದು ಅರ್ಧ ಸತ್ಯ. 1991ರಲ್ಲಿ ಆಲಿಸ್ ಈಗ್ಲಿ ಮತ್ತು ಸಂಗಡಿಗರು ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿದಾಗ, ರೂಪದ ಪ್ರಭಾವ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಮಂದಿಯೊಡನೆ ಬೆರೆಯುವ ಗುಣದಲ್ಲಿ. ಬುದ್ಧಿ, ಮನಸ್ಸಿನ ಸಮತೋಲ, ಗಟ್ಟಿತನ ಇವುಗಳಲ್ಲಿ ಮಧ್ಯಮ. ಪ್ರಾಮಾಣಿಕತೆ ಮತ್ತು ಬೇರೆಯವರ ಬಗ್ಗೆ ಕಾಳಜಿ ಎಂಬಲ್ಲಿ ಹೆಚ್ಚುಕಡಿಮೆ ಸೊನ್ನೆ. ಅಂದರೆ "ಇವನು ಪ್ರಾಮಾಣಿಕನೇ?" ಎಂದು ನೇರವಾಗಿ, ಬೇರೆಯಾಗಿ ಕೇಳಿದರೆ ಮನುಷ್ಯ ರೂಪಕ್ಕೆ ಅಷ್ಟಾಗಿ ಮರುಳಾಗುವುದಿಲ್ಲ. ಎಲ್ಲ ಸೇರಿಸಿ ಒಂದೇ ಉಸಿರಿಗೆ "ಹುಡುಗ ಹೆಂಗ?" ಎಂದು ಕೇಳಿದಾಗ ಬೆರೆಯುವ ಗುಣಕ್ಕೆ ಸಿಕ್ಕ ಅಂಕವೇ ಪ್ರಾಮಾಣಿಕತೆಯ ಖಾತೆಗೂ ಜಮಾ ಆಗಿಬಿಡಬಹುದು. ನೇಮಕಾತಿ ಮಾಡುವವರು ತಿಳಿದಿರಬೇಕಾದ ಅತಿ ಮುಖ್ಯ ಸಂಗತಿ ಇದೇ ಎಂದು ನನ್ನ ಅಭಿಪ್ರಾಯ.

ಹಾಗಾದರೆ ಚೆಲುವಾದವರು ನಿಜವಾಗಿ ಹೇಗಿರುತ್ತಾರೆ? 1992ರಲ್ಲಿ ಅಲನ್ ಫೈನ್‌ಗೋಲ್ಡ್ ಇದನ್ನೇ ಲೆಕ್ಕ ಹಾಕಿದ. ರೂಪಕ್ಕೂ ಸ್ವಭಾವಕ್ಕೂ, ರೂಪಕ್ಕೂ ಬುದ್ಧಿಗೂ ಹೇಳಿಕೊಳ್ಳುವಂಥ ನಂಟು ಸಿಗಲಿಲ್ಲ. ಮಾತುಕತೆಯ ಚಾತುರ್ಯ, ಜನಪ್ರಿಯತೆ, ಸಂಕೋಚ ಕಡಿಮೆ ಇರುವುದು, ಇಂಥ ಕೆಲವದರಲ್ಲಿ ಮಾತ್ರ ಸ್ವಲ್ಪ ನಂಟು ಇತ್ತು. ಅದೂ ಹುಟ್ಟಿನಿಂದ ಬಂದದ್ದು ಎನ್ನಲಾಗದು.

1977ರಲ್ಲಿ ಮಾರ್ಕ್ ಸ್ನೈಡರ್ ಮತ್ತು ಸಂಗಡಿಗರು ಮಾಡಿದ ಫೋನ್ ಪ್ರಯೋಗ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿತು. ಗಂಡು ವಿದ್ಯಾರ್ಥಿಗಳ ಕೈಗೆ ಒಂದು ಫೋಟೋ ಕೊಟ್ಟು, ನೀವು ಫೋನಿನಲ್ಲಿ ಮಾತಾಡುವ ಹುಡುಗಿ ಇವಳೇ ಎಂದರು. ಕೆಲವರಿಗೆ ಚೆಲುವೆಯ ಫೋಟೋ, ಕೆಲವರಿಗೆ ಅಲ್ಲದವಳ ಫೋಟೋ. ನಿಜಕ್ಕೂ ಆ ಫೋಟೋಗೂ ಫೋನಿನ ಆಚೆ ಇದ್ದವಳಿಗೂ ಸಂಬಂಧವೇ ಇರಲಿಲ್ಲ, ಫೋಟೋದ ಸುದ್ದಿಯೂ ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಹುಡುಗಿಯರ ಮಾತಿನ ಭಾಗವನ್ನಷ್ಟೇ ಬೇರೆಯವರಿಗೆ ಕೇಳಿಸಿದಾಗ, ಚೆಲುವೆ ಎಂದು ನಂಬಿದವನ ಜೊತೆ ಮಾತಾಡಿದವಳು ನಿಜವಾಗಿಯೂ ಹೆಚ್ಚು ಆತ್ಮೀಯಳಾಗಿ, ಉಲ್ಲಾಸದಿಂದ ಮಾತಾಡಿದ್ದಳು. ಕೇಳುವವನ ದನಿಯಲ್ಲಿ ಪ್ರೀತಿ ಇದ್ದರೆ ಉತ್ತರಿಸುವವಳ ದನಿಯೂ ಅರಳುತ್ತದೆ. ಅವನು ಒಣಒಣವಾಗಿ ಮಾತಾಡಿದರೆ ಅವಳೂ ಮುದುಡುತ್ತಾಳೆ. ಆಮೇಲೆ ಅವನು "ನಾ ಅಂದಂಗ ಆತು" ಎಂದು ನಂಬುತ್ತಾನೆ. ಹಾಗೆ ಆಗುವಂತೆ ಮಾಡಿದ್ದು ತಾನೇ ಎಂಬುದು ಅವನಿಗೆ ಕಾಣುವುದೇ ಇಲ್ಲ.

ಇದರ ಕಠೋರ ಉದಾಹರಣೆ ನಮ್ಮ ಭಾಗದಲ್ಲೇ ಇದೆ: ಹಲ್ಲಿನ ಕಲೆ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಾಗ 1.5ರವರೆಗೆ ನಡೆಯುತ್ತದೆ ಎಂಬುದು ಭಾರತೀಯ ಮಾನದಂಡ. ಹಲ್ಲಿನ ಎನಾಮಲ್ ಕಟ್ಟುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಅದಕ್ಕಿಂತ ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಹಲ್ಲಿನ ಮೇಲೆ ಸುಣ್ಣದಂಥ ಗೆರೆ ಮೂಡುತ್ತವೆ, ಹೆಚ್ಚಾದಂತೆ ಹಳದಿ, ಕಂದು ಕಲೆ ಬೀಳುತ್ತವೆ. ಇದು ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಕಲೆ ಇರುವುದು ಎನಾಮಲ್‌ನ ಒಳಗೆ. ಆದರೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಸಂದರ್ಶನಕ್ಕೆ ಕೂತಾಗ ಎದುರಿನವರು ಓದಿಕೊಳ್ಳುವುದೇ ಬೇರೆ: ಗುಟ್ಕಾ ತಿನ್ನುತ್ತಾನೆ, ಸ್ವಚ್ಛತೆ ಇಲ್ಲ, ಶಿಸ್ತಿಲ್ಲ. ಊರ ನೀರಿನ ದೋಷ ಹುಡುಗನ ಗುಣದ ಲೆಕ್ಕಕ್ಕೆ ಬೀಳುತ್ತದೆ. ಇದು ಗೊತ್ತಿರುವ ಹುಡುಗ ತುಟಿ ಬಿಗಿಹಿಡಿದು ಮಾತಾಡುತ್ತಾನೆ, ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ, ನಗುವುದನ್ನೇ ಬಿಡುತ್ತಾನೆ. ನಗದವನನ್ನು ನೋಡಿ "ಗಡಸು ಮನುಷ್ಯ" ಎನ್ನುತ್ತಾರೆ. ಅಲ್ಲಿಂದ ಮುಂದೆ ಫೋನ್ ಪ್ರಯೋಗದ ಕಥೆಯೇ.

ಫ್ಲೋರೈಡ್ ಕಲೆ, ತಂಬಾಕಿನ ಕಲೆ ಎರಡರ ವ್ಯತ್ಯಾಸ ಸಂದರ್ಶಕರಿಗೆ ಗೊತ್ತಿರಲಿ. ಫ್ಲೋರೈಡ್ ಗೆರೆಗಳು ಸಾಮಾನ್ಯವಾಗಿ ಎಡ-ಬಲ ಜೋಡಿ ಹಲ್ಲುಗಳಲ್ಲಿ ಒಂದೇ ಥರ, ಅಡ್ಡಡ್ಡವಾಗಿ ಇರುತ್ತವೆ. ತಂಬಾಕಿನ ಕಲೆ ಒಸಡಿನ ಅಂಚಿನಲ್ಲಿ, ಹಲ್ಲಿನ ಹಿಂಬದಿಯಲ್ಲಿ ಹೆಚ್ಚು ಕೂತಿರುತ್ತದೆ, ದಂತವೈದ್ಯರು ಕ್ಲೀನ್ ಮಾಡಿದರೆ ಹೋಗುತ್ತದೆ. ಫ್ಲೋರೈಡ್ ಕಲೆ ಇರುವವರಿಗೂ ಉಪಾಯವಿದೆ. ಕಲೆ ಮೇಲ್ಪದರದಲ್ಲಿದ್ದರೆ ಎನಾಮಲ್ಲನ್ನು ತೀರ ತೆಳುವಾಗಿ ಉಜ್ಜಿ ತೆಗೆಯುತ್ತಾರೆ, ಆಳವಾಗಿದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ಹಚ್ಚುತ್ತಾರೆ. ಮನೆಯಲ್ಲಿ ನಿಂಬೆಹುಳಿ, ಸೋಡಾ, ಇದ್ದಿಲು ಹಚ್ಚಿ ತಿಕ್ಕುವುದು ಬೇಡ. ಎನಾಮಲ್ ಸವೆದು ಜುಮ್ಮೆನ್ನಲು ಶುರುವಾಗುತ್ತದೆ, ಕಲೆ ಹಾಗೇ ಉಳಿಯುತ್ತದೆ.

ಬಣ್ಣದ ವಿಷಯಕ್ಕೂ ಇದೇ ಮಾತು. ಬಿಸಿಲಲ್ಲಿ ಕಬ್ಬು ಕಡಿಯುವವರ ಮೈಬಣ್ಣ ಹೇಳುವುದು ಬಿಸಿಲಿನ ಸುದ್ದಿಯನ್ನು, ಸ್ವಭಾವದ್ದನ್ನಲ್ಲ. 2020ರಲ್ಲಿ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ ಫೇರ್ ಎಂಬುದನ್ನು ತೆಗೆದು ಗ್ಲೋ ಅಂಡ್ ಲವ್ಲಿ ಆಯಿತು, ಆದರೆ ಮದುವೆ ಮಾತುಕತೆಯಲ್ಲಿ "ಕೆಂಪಗ ಅದಾಳೇನ್ರಿ?" ಇನ್ನೂ ಹೋಗಿಲ್ಲ. ಅದಕ್ಕೆ ಹೆದರಿ ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಸ್ಟೆರಾಯ್ಡ್ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚುವವರಿದ್ದಾರೆ. ಚರ್ಮ ತೆಳುವಾಗಿ ಕೆಂಪು ನರ ಕಾಣಿಸುವುದು, ಮೊಡವೆ, ಮುಖದ ಮೇಲೆ ಕೂದಲು, ಬಿಟ್ಟ ಕೂಡಲೇ ಉರಿ, ಇವೆಲ್ಲ ಅದರ ಫಲ. ದಯವಿಟ್ಟು ಹಚ್ಚಬೇಡಿ.

ಇನ್ನು ವೇಗದ ಮಾತು. 2006ರಲ್ಲಿ ಪ್ರಿನ್ಸ್‌ಟನ್‌ನ ಜಾನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್, ಒಂದು ಮುಖವನ್ನು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ತೋರಿಸಿ, ಇವರನ್ನು ನಂಬಬಹುದೇ, ಸಮರ್ಥರೇ, ಜಗಳಗಂಟರೇ ಎಂದು ಕೇಳಿದರು. ಆ ಉತ್ತರಗಳಿಗೂ, ಬೇಕಾದಷ್ಟು ಹೊತ್ತು ನೋಡಿ ಕೊಟ್ಟ ಉತ್ತರಗಳಿಗೂ ಬಹುಮಟ್ಟಿಗೆ ತಾಳೆಯಾಯಿತು. ಹೆಚ್ಚು ಹೊತ್ತು ನೋಡಿದ್ದರಿಂದ ಮುಖ್ಯವಾಗಿ ಹೆಚ್ಚಿದ್ದು ತಮ್ಮ ತೀರ್ಪಿನ ಮೇಲಿನ ಭರವಸೆ. "ನಾನು ಅರ್ಧ ತಾಸು ಕೂಡಿಸಿಕೊಂಡು ಮಾತಾಡಿಸಿ ನೋಡೀನಿ" ಎನ್ನುವವರು ಇದನ್ನು ಗಮನಿಸಬೇಕು. ಅರ್ಧ ತಾಸಿನಲ್ಲಿ ಏನನ್ನು ಕೇಳಿದಿರಿ ಎಂಬುದು ಮುಖ್ಯ. ಸುಮ್ಮನೆ ಕೂತು ನೋಡಿದ್ದರೆ ಮೊದಲ ಕ್ಷಣದ ಅನಿಸಿಕೆಯೇ ಗಟ್ಟಿಯಾಗಿರುತ್ತದೆ.

ಮುಖದಲ್ಲಿ ನಾವು ಓದುವುದಾದರೂ ಏನನ್ನು? ದುಂಡು ಮುಖ, ದೊಡ್ಡ ಕಣ್ಣು, ಸಣ್ಣ ಗದ್ದ ಕೂಸಿನ ಮುಖವನ್ನು ನೆನಪಿಸುತ್ತವೆ, ಹಾಗಾಗಿ ಅಂಥ ದೊಡ್ಡವರನ್ನೂ ಮುಗ್ಧರು, ಪ್ರಾಮಾಣಿಕರು, ಆದರೆ ಜವಾಬ್ದಾರಿಗೆ ಸಾಲದವರು ಎಂದುಕೊಳ್ಳುತ್ತೇವೆ. ಲೆಸ್ಲಿ ಝೆಬ್ರೊವಿಟ್ಜ್ ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಹುಬ್ಬು ಕೆಳಗೆ ಬಂದು ತುಟಿಯ ತುದಿ ಬಾಗಿದ್ದರೆ, ಆ ಮನುಷ್ಯ ಆರಾಮಾಗಿ ಕೂತಿದ್ದರೂ, ಸಿಟ್ಟಿನವನಂತೆ ಕಾಣುತ್ತಾನೆ. ಎಲುಬಿನ ಆಕಾರವನ್ನು ಮನಸ್ಸಿನ ಭಾವ ಎಂದು ತಪ್ಪಾಗಿ ಓದುತ್ತೇವೆ.

ಫೋಟೋ ಇದ್ದರಂತೂ ಇನ್ನೂ ಗೊಂದಲ. 2014ರಲ್ಲಿ ಟೊಡೊರೊವ್ ಮತ್ತು ಜೆನ್ನಿ ಪೋರ್ಟರ್ ತೋರಿಸಿದಂತೆ, ಒಬ್ಬನದೇ ಬೇರೆ ಬೇರೆ ಫೋಟೋಗಳು ಬೇರೆ ಬೇರೆ ಸ್ವಭಾವದ ಅನಿಸಿಕೆ ಕೊಡುತ್ತವೆ. ಕಾರಣಗಳಲ್ಲಿ ಒಂದು ಕ್ಯಾಮೆರಾದ ದೂರ. ಮುಖದಿಂದ 30 ಸೆಂಟಿಮೀಟರ್ ದೂರದಲ್ಲಿ ತೆಗೆದ ಸೆಲ್ಫಿಯಲ್ಲಿ ಮೂಗಿನ ಅಗಲ, ಒಂದೂವರೆ ಮೀಟರ್ ದೂರದಿಂದ ತೆಗೆದದ್ದಕ್ಕಿಂತ ಸುಮಾರು 30 ಶೇಕಡಾ ಹೆಚ್ಚು ಕಾಣುತ್ತದೆ ಎಂದು 2018ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಬಯೋಡಾಟಾಕ್ಕೆ ಫೋಟೋ ಬೇಕೇ ಬೇಕೆಂದರೆ ಒಂದೂವರೆ-ಎರಡು ಮೀಟರ್ ದೂರ ನಿಂತು, ಕಣ್ಣಿನ ಮಟ್ಟಕ್ಕೆ ಫೋನ್ ಹಿಡಿದು, ಬಾಗಿಲ ಪಕ್ಕದ ನೆರಳಿನ ಬೆಳಕಿನಲ್ಲಿ, ಬ್ಯೂಟಿ ಫಿಲ್ಟರ್ ಬಂದ್ ಮಾಡಿ ಬೇರೆಯವರ ಕೈಯಿಂದ ತೆಗೆಸಿ. ನೆತ್ತಿಯ ಮೇಲಿನ ಬಿಸಿಲು ಬೇಡ, ಕಣ್ಣಿನ ಗುಳಿ ಕಪ್ಪಾಗಿ ಮುಖ ಕಠಿಣವಾಗುತ್ತದೆ.

ಕನ್ಯಾ ನೋಡುವ ಪದ್ಧತಿಗೆ ಬರೋಣ, ಯಾಕೆಂದರೆ ಇಷ್ಟು ದೊಡ್ಡ ನಿರ್ಧಾರ ಇಷ್ಟು ಕಡಿಮೆ ಹೊತ್ತಿನಲ್ಲಿ ಇನ್ನೆಲ್ಲೂ ಆಗುವುದಿಲ್ಲ. ಅವಲಕ್ಕಿ, ಚಹಾ, ಹೆಸರು, ಓದು, "ಅಡಗಿ ಬರತೈತೇನವಾ?", ಮುಗಿಯಿತು. ಹುಡುಗಿ ತಲೆ ತಗ್ಗಿಸಿ ಕೂತಿದ್ದರೆ ಸಂಭಾವಿತೆ, ತಲೆ ಎತ್ತಿ ಮಾತಾಡಿದರೆ ಬಾಯಿ ಜೋರು. ಅದಕ್ಕೂ ಮೊದಲೇ "ಫೋಟೋ ಕಳಸ್ರಿ, ಆಮ್ಯಾಲ ಮಾತಾಡೂಣು" ಎಂದು ಅರ್ಧ ಮಂದಿಯನ್ನು ಸೋಸಿ ಆಗಿರುತ್ತದೆ. ಒಂದೇ ದಿನ ಮೂರು ಊರು ಸುತ್ತುವವರು ಇನ್ನೊಂದು ತಪ್ಪು ಮಾಡುತ್ತಾರೆ. ಬಹಳ ಚೆಲುವಾದ ಮುಖ ನೋಡಿದ ಬೆನ್ನಿಗೇ ನೋಡಿದ ಸಾಧಾರಣ ಮುಖ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. 1980ರಲ್ಲೇ ಡಗ್ಲಸ್ ಕೆನ್ರಿಕ್ ಮತ್ತು ಸಾರಾ ಗುಟಿಯರೆಸ್ ಇದನ್ನು ಪ್ರಯೋಗದಲ್ಲಿ ಕಂಡಿದ್ದರು. ಆದ್ದರಿಂದ ದಿನಕ್ಕೆ ಒಂದೇ ಮನೆ. ಕ್ರಮ ತಿರುವಿದರೆ ಇನ್ನೂ ಒಳ್ಳೆಯದು: ಮೊದಲು ಹುಡುಗ-ಹುಡುಗಿ ಫೋನಿನಲ್ಲಿ ಇಪ್ಪತ್ತು ನಿಮಿಷ ಮಾತಾಡಲಿ. ಕೆಲಸ, ಊರು, ಸಾಲ, ತಾಯಿ-ತಂದೆಯರ ಜವಾಬ್ದಾರಿ, ಮದುವೆಯ ನಂತರದ ಓದು, ಈ ವಿಷಯಗಳಲ್ಲಿ ತಮಗೆ ಬೇಕಾದ ಮೂರನ್ನು ಇಬ್ಬರೂ ಮೊದಲೇ ಬರೆದಿಟ್ಟುಕೊಂಡು ಕೇಳಲಿ. ಫೋಟೋ ಆಮೇಲೆ, ಭೇಟಿ ಅದರ ಮೇಲೆ. ರೂಪ ಬೇಡವೆಂದು ಯಾರೂ ಹೇಳುತ್ತಿಲ್ಲ, ಇಷ್ಟವಾಗುವುದೂ ಮದುವೆಗೆ ಬೇಕು. ಆದರೆ ನಂಬಿಕಸ್ಥಿಕೆಯನ್ನು ಮುಖದಲ್ಲಿ ಹುಡುಕಬೇಡಿ. ಅದನ್ನು ಅವರ ಜೊತೆ ಕೆಲಸ ಮಾಡಿದವರ ಹತ್ತಿರ, ರೊಕ್ಕದ ವ್ಯವಹಾರ ಮಾಡಿದವರ ಹತ್ತಿರ ಕೇಳಿ.

ಶಾಲೆಯವರಿಗೆ ಎರಡೇ ಮಾತು. 1973ರಲ್ಲಿ ಮಾರ್ಗರೆಟ್ ಕ್ಲಿಫರ್ಡ್ ಮತ್ತು ವಾಲ್‌ಸ್ಟರ್, 5ನೇ ತರಗತಿಯ ಶಿಕ್ಷಕರಿಗೆ ಒಂದೇ ಪ್ರಗತಿ ಪತ್ರವನ್ನು ಬೇರೆ ಬೇರೆ ಮಕ್ಕಳ ಫೋಟೋ ಅಂಟಿಸಿ ಕಳಿಸಿದರು. ಮುದ್ದು ಮುಖದ ಮಗುವಿಗೆ ಹೆಚ್ಚು ಬುದ್ಧಿ, ಹೆಚ್ಚು ಭವಿಷ್ಯ ಇದೆ ಎಂಬ ಅಭಿಪ್ರಾಯ ಬಂತು. ಮರುವರ್ಷ ಡೇವಿಡ್ ಲ್ಯಾಂಡಿ ಮತ್ತು ಹೆರಾಲ್ಡ್ ಸಿಗಾಲ್ ಪ್ರಬಂಧಗಳ ಜೊತೆ ಬರೆದವಳ ಫೋಟೋ ಇಟ್ಟು ನೋಡಿದಾಗ, ಫೋಟೋದ ಲಾಭ ಹೆಚ್ಚು ಆದದ್ದು ಕಳಪೆ ಪ್ರಬಂಧಕ್ಕೆ. ಚೆನ್ನಾಗಿ ಬರೆದದ್ದಕ್ಕೆ ಮುಖದ ನೆರವು ಅಷ್ಟಾಗಿ ಬೇಕಾಗಲಿಲ್ಲ. ಹಾಗಾಗಿ ಕ್ಲಾಸ್ ಟೆಸ್ಟಿನಲ್ಲೂ ಹೆಸರಿನ ಬದಲು ನಂಬರ್ ಬರೆಸಿ, ಒಬ್ಬರ ಪೇಪರ್ ಪೂರ್ತಿ ತಿದ್ದದೆ, ಎಲ್ಲರ ಮೊದಲ ಉತ್ತರ ತಿದ್ದಿ ಆಮೇಲೆ ಎಲ್ಲರ ಎರಡನೇ ಉತ್ತರಕ್ಕೆ ಹೋಗಿ.

ನೇಮಕಾತಿಯಲ್ಲಿ "ನಾನು ರೂಪ ನೋಡೂದಿಲ್ಲ" ಎಂಬ ಭರವಸೆ ಕೆಲಸಕ್ಕೆ ಬರುವುದಿಲ್ಲ. 1977ರಲ್ಲಿ ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್, ಯುರೋಪಿಯನ್ ಉಚ್ಚಾರದ ಒಬ್ಬನೇ ಉಪನ್ಯಾಸಕ ಒಮ್ಮೆ ಪ್ರೀತಿಯಿಂದ, ಒಮ್ಮೆ ಬಿಗುವಾಗಿ ಮಾತಾಡಿದ ವಿಡಿಯೋ ತೋರಿಸಿದರು. ಪ್ರೀತಿಯವನ ಮುಖವೂ ಉಚ್ಚಾರವೂ ಚೆಂದ ಕಂಡವು, ಬಿಗುವಿನವನದು ಕಿರಿಕಿರಿ ಎನಿಸಿತು. ತಮ್ಮ ಮೇಲೆ ಪ್ರಭಾವವಾಗಿದೆ ಎಂದು ನೋಡಿದವರು ಒಪ್ಪಲಿಲ್ಲ. ಬಿಗುವಿನ ವಿಡಿಯೋ ನೋಡಿದವರಂತೂ ಅವನ ಉಚ್ಚಾರ ಹಿಡಿಸದ್ದರಿಂದಲೇ ಅವನು ಹಿಡಿಸಲಿಲ್ಲ ಎಂದು ತಿರುಗಾಮುರುಗಾ ಕಾರಣ ಕೊಟ್ಟರು. ಮರಾಠಿ ದಾಟಿಯ ಕನ್ನಡ, ಹಳ್ಳಿ ದಾಟಿಯ ಇಂಗ್ಲಿಷ್ ಎರಡೂ ಕೇಳಿಬರುವ ಬೆಳಗಾವಿಯಲ್ಲಿ ಇದನ್ನು ನೆನಪಿಡಬೇಕು. ಮನಸ್ಸನ್ನು ತಿದ್ದುವುದಕ್ಕಿಂತ ಕೆಲಸದ ಕ್ರಮವನ್ನು ತಿದ್ದುವುದು ಸುಲಭ.

ಸಂಘದ ಕ್ಯಾಶಿಯರ್ ನೇಮಕವನ್ನೇ ತೆಗೆದುಕೊಳ್ಳಿ. ಅರ್ಜಿಯಲ್ಲಿ ಫೋಟೋ ಕೇಳಬೇಡಿ, ಆಯ್ಕೆಯಾದ ಮೇಲೆ ದಾಖಲೆಗೆ ತೆಗೆದುಕೊಂಡರೆ ಸಾಕು. ಮುಖಾಮುಖಿಗೆ ಮೊದಲೇ ಕೈಕೆಲಸದ ಪರೀಕ್ಷೆ ಇಡಿ, 50 ಅಂಕಕ್ಕೆ. 500 ರೂಪಾಯಿಯ 100 ನೋಟಿನ ಕಟ್ಟು ಎಂದು ಹೇಳಿ 98 ನೋಟು ಇಟ್ಟು ಎಣಿಸಲು ಕೊಡಿ. ದಿನವಹಿಯ ಒಂದು ಪುಟದಲ್ಲಿ 5,340 ಇದ್ದದ್ದನ್ನು 5,430 ಎಂದು ಬರೆದಿಟ್ಟು, ಲೆಕ್ಕ ಯಾಕೆ ಕೂಡುತ್ತಿಲ್ಲ ಎಂದು ಹುಡುಕಲು ಹೇಳಿ. ವ್ಯತ್ಯಾಸ 90, 9ರಿಂದ ಭಾಗವಾಗುವ ವ್ಯತ್ಯಾಸ ಕಂಡರೆ ಅಂಕಿ ಅದಲುಬದಲಾಗಿರಬಹುದೆಂದು ಲೆಕ್ಕ ಬಲ್ಲವರಿಗೆ ತಕ್ಷಣ ಹೊಳೆಯುತ್ತದೆ. ಈ ಉತ್ತರಗಳನ್ನು ಸಂದರ್ಶನದಲ್ಲಿ ಕೂರದ ಯಾರಾದರೂ ನಂಬರ್ ನೋಡಿ ತಿದ್ದಲಿ, ಫಲಿತಾಂಶ ಲಕೋಟೆಯಲ್ಲೇ ಇರಲಿ.

ಆಮೇಲೆ ಐದು ಪ್ರಶ್ನೆ, ತಲಾ 5 ಅಂಕ, ಎಲ್ಲರಿಗೂ ಅವೇ, ಅದೇ ಕ್ರಮದಲ್ಲಿ. ಪ್ರತಿ ಅಂಕಕ್ಕೆ ಎಂಥ ಉತ್ತರ ಬೇಕೆಂದು ಮೊದಲೇ ಬರೆದಿರಬೇಕು. ಉದಾಹರಣೆಗೆ, "ಸಂಜೆ ನಗದು 500 ರೂಪಾಯಿ ಹೆಚ್ಚಿಗೆ ಬಂತು, ಏನು ಮಾಡ್ತೀರಿ?" ಮತ್ತೆ ಎಣಿಸಿ, ವೋಚರ್ ತಾಳೆ ನೋಡಿ, ಮ್ಯಾನೇಜರಿಗೆ ತಿಳಿಸಿ, ಹೆಚ್ಚುವರಿ ನಗದು ಎಂದು ಅಂದೇ ಬರೆದಿಡುತ್ತೇನೆ ಎಂದರೆ 5. ಮ್ಯಾನೇಜರಿಗೆ ಹೇಳುತ್ತೇನೆ ಎಂದಷ್ಟೇ ಅಂದರೆ 3. ನಾಳೆ ಕಡಿಮೆ ಬಿದ್ದರೆ ಹೊಂದಿಸಲು ಡ್ರಾವರಿನಲ್ಲಿ ಇಡುತ್ತೇನೆ ಎಂದರೆ 1, ಎಷ್ಟೇ ನಗುನಗುತ್ತ ಹೇಳಿದರೂ. ಗ್ರಾಹಕರ ಜೊತೆಗಿನ ನಡವಳಿಕೆ ಬೇಕೆಂದರೆ ಅದನ್ನೂ ಪರೀಕ್ಷೆ ಮಾಡಿ: ಸಿಬ್ಬಂದಿಯೊಬ್ಬರು ಬಡ್ಡಿ ಯಾಕೆ ಹೆಚ್ಚಾಯಿತೆಂದು ಸಿಟ್ಟಾದ ರೈತರ ಪಾತ್ರ ಮಾಡಲಿ. ಮಾತು ಮುಗಿಸಲು ಬಿಟ್ಟನೇ, ಲೆಕ್ಕವನ್ನು ಕಾಗದದ ಮೇಲೆ ತೋರಿಸಿದನೇ ಎಂದು ಅಂಕ ಹಾಕಿ. ಎಷ್ಟೋ ಫಾರ್ಮುಗಳಲ್ಲಿ ಇರುವ "ವ್ಯಕ್ತಿತ್ವ: 10 ಅಂಕ" ಎಂಬ ಕಲಂ ಹೊಡೆದುಹಾಕಿ, ರೂಪಕ್ಕೆ ಅಂಕ ಸೇರುವ ಹಿತ್ತಲ ಬಾಗಿಲು ಅದೇ.

ಮೂವರು ಸಂದರ್ಶಕರಿದ್ದರೆ ಪ್ರತಿ ಉತ್ತರ ಮುಗಿದ ಕೂಡಲೇ ಪ್ರತಿಯೊಬ್ಬರೂ ತಮ್ಮ ಹಾಳೆಯಲ್ಲಿ ಅಂಕ ಬರೆಯಬೇಕು, ಕೊನೆಗೆ ಒಟ್ಟಿಗೇ ಅಲ್ಲ. ಅಭ್ಯರ್ಥಿ ಎದ್ದು ಹೋದಾಗ ಬಾಯಿ ಬಿಡುವಂತಿಲ್ಲ. ಇದು ಎಲ್ಲಕ್ಕಿಂತ ಕಷ್ಟದ ನಿಯಮ, ಮುರಿಯುವುದೂ ಇದೇ ಹೆಚ್ಚು, ಅದರಲ್ಲೂ ಚೇರ್ಮನ್ ಸಾಹೇಬ್ರೇ ಮೊದಲು "ಛಲೋ ಅದಾನ" ಅಂದುಬಿಟ್ಟರೆ ಉಳಿದವರ ಪೆನ್ನು ಅತ್ತಲೇ ವಾಲುತ್ತದೆ. ಒಂದೇ ಉತ್ತರಕ್ಕೆ ಇಬ್ಬರ ನಡುವೆ 2 ಅಂಕಕ್ಕಿಂತ ಹೆಚ್ಚು ಅಂತರ ಬಂದರೆ ಅದನ್ನು ಮಾತ್ರ ಕೊನೆಗೆ ಚರ್ಚಿಸಿ, ಕಾರಣಕ್ಕೆ ಅಭ್ಯರ್ಥಿ ಆಡಿದ ಮಾತನ್ನೇ ತೋರಿಸಬೇಕು.

ಚೆಲುವಿದ್ದವರಿಗೂ ಈ ಕ್ರಮ ಬೇಕು. 1979ರಲ್ಲಿ ಮ್ಯಾಡಲೈನ್ ಹೈಲ್‌ಮನ್ ಮತ್ತು ಲೋಯಿಸ್ ಸಾರುವಟಾರಿ ತೋರಿಸಿದಂತೆ, ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕಿದ ಹೆಣ್ಣಿಗೆ ಚೆಲುವು ಅಡ್ಡಿಯಾಯಿತು. ಶಾಖಾ ವ್ಯವಸ್ಥಾಪಕಿ ಹುದ್ದೆಗೆ ಬಂದವಳನ್ನು ನೋಡಿ "ಈಕಿಗೆ ವಸೂಲಿ ಆಗತೈತೇನ್ರಿ?" ಎನ್ನುವುದು ಅದೇ ತಪ್ಪಿನ ಇನ್ನೊಂದು ಮುಖ. ಅವಳಿಗೂ ಅವಳ ಕೆಲಸದ ಮೇಲೇ ಅಂಕ ಬೀಳಬೇಕು.

ಅಂಕಪಟ್ಟಿಗಳನ್ನು ಎಸೆಯಬೇಡಿ. ಒಂದು ವರ್ಷ ಕಳೆದ ಮೇಲೆ ಆಯ್ಕೆಯಾದವರ ಕೆಲಸದ ದಾಖಲೆಯನ್ನು, ಅಂದರೆ ನಗದು ವ್ಯತ್ಯಾಸ ಎಷ್ಟು ಸಲ ಬಂತು, ಗ್ರಾಹಕರ ದೂರು ಎಷ್ಟು, ರಜೆ ಎಷ್ಟು ಎಂಬುದನ್ನು, ಹಳೆಯ ಹಾಳೆಗಳ ಪಕ್ಕ ಇಟ್ಟು ನೋಡಿ. ಯಾವ ಪ್ರಶ್ನೆಯ ಅಂಕಕ್ಕೂ ಕೆಲಸಕ್ಕೂ ತಾಳೆಯೇ ಆಗಲಿಲ್ಲವೋ ಆ ಪ್ರಶ್ನೆಯನ್ನು ಮುಂದಿನ ನೇಮಕಾತಿಗೆ ಬದಲಿಸಿ. ಒಬ್ಬಿಬ್ಬರನ್ನೇ ತೆಗೆದುಕೊಂಡಿದ್ದರೆ ಎರಡು-ಮೂರು ನೇಮಕಾತಿಯ ಹಾಳೆ ಕೂಡುವವರೆಗೆ ಕಾಯಿರಿ, ಇಬ್ಬರ ಲೆಕ್ಕದ ಮೇಲೆ ಪ್ರಶ್ನೆ ಒಳ್ಳೆಯದೋ ಕೆಟ್ಟದ್ದೋ ಹೇಳಲಾಗುವುದಿಲ್ಲ.